ಸಮಾಧಿಭೂಮಿಯ ಬಾಗಿಲಿನ ಹಲಗೆ

೬ ಅಕ್ಟೋಬರ್ ೨೦೨೪, ಭಾನುವಾರ

ಮಾತಿನಿಂದಲೇ ಲೋಕವನ್ನು ಉಂಟುಮಾಡಿ, ಆ ಮಾತನ್ನು ಸತ್ಯವೇದವೆಂಬ ಬರಹದಲ್ಲಿ ನಮ್ಮ ಕೈಗೆ ಒಪ್ಪಿಸಿದ ದೇವರ ನಾಮಕ್ಕೆ ಸ್ತೋತ್ರ. ಕ್ರಿಸ್ತಶಕ ಎರಡು ಸಾವಿರದ ಇಪ್ಪತ್ತನಾಲ್ಕನೆಯ ವರುಷ, ಅಕ್ಟೋಬರ್ ಮಾಸದ ಆರನೆಯ ದಿನ, ಕರ್ತನ ದಿನವಾದ ಈ ಭಾನುವಾರ, ಪಾದೆಗುಡ್ಡೆ ಸಭೆಯ ಹಿರಿಯನೂ ನಿವೃತ್ತ ಕನ್ನಡ ಪಂಡಿತನೂ ಆದ ಹನೋಕ ಜತ್ತನ್ನ ಎಂಬ ನಾನು, ನನ್ನ ಆಯುಷ್ಯದ ಎಪ್ಪತ್ತೊಂಬತ್ತನೆಯ ವರುಷದಲ್ಲಿ ಈ ಹೊಸ ಪುಸ್ತಕವನ್ನು ತೆರೆದಿದ್ದೇನೆ. ಹಳೆಯದು ಸೆಪ್ಟೆಂಬರ್ ಕೊನೆಗೆ ತುಂಬಿತು. ಬರೆಯುವುದು ನನಗಾಗಿ ಮಾತ್ರ.

ಹೊಸ ಪುಸ್ತಕಕ್ಕೆ ತಕ್ಕ ಶುಭಕಾರ್ಯವೂ ಒದಗಿದೆ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಮಾರ್ಗದ ಪಕ್ಕದಲ್ಲಿ, ಮಿಶನ್ನಿನವರ ಕಾಲದಲ್ಲಿ ಕಟ್ಟಿದ ನಮ್ಮ ಪುಟ್ಟ ದೇವಾಲಯದ ಹಿಂದೆ, ಇಳಿಜಾರಿನಲ್ಲಿ ಸಮಾಧಿಭೂಮಿ ಇದೆ. ಅದರ ಬಾಗಿಲಿನ ಹಲಗೆ ಬಣ್ಣಗೆಟ್ಟಿದೆ. ಇಂದು ಆರಾಧನೆಯ ತರುವಾಯ ಹಿರಿಯರ ಸಮಿತಿ ಕೂಡಿ, ಮತಸುಧಾರಣೆಯ ಭಾನುವಾರ ಬರುವುದರೊಳಗೆ ಅದನ್ನು ಹೊಸದಾಗಿ ಬರೆಯಿಸಬೇಕೆಂದು ನಿರ್ಣಯಿಸಿತು. ಸಮಿತಿಯ ಕಾರ್ಯದರ್ಶಿ ಬೆಂಜಮಿನ್ ಕರ್ಕಡ ಎಂಟನೆಯ ತರಗತಿಯಲ್ಲಿ ನನ್ನ ಶಿಷ್ಯ. ಈಗ ಅವನಿಗೂ ಅರುವತ್ತು. ‘ಒಕ್ಕಣೆ ಪಂಡಿತರದ್ದೇ ಆಗಬೇಕು, ಬೇರೆಯವರು ಬರೆದ್ರೆ ಸತ್ತವರೂ ಎದ್ದು ತಪ್ಪು ಹುಡುಕಿಯಾರು’ ಎಂದ. ಸಮಿತಿ ನಕ್ಕಿತು. ನಾನೂ ನಕ್ಕೆನು.

ಹಲಗೆಯ ಮೂರು ಸಾಲುಗಳು ನನ್ನವೇ. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ರಚಿಸಿದವು:

ಇದು ಕರ್ತನಲ್ಲಿ ನಿದ್ರಿಸುವವರ ವಿಶ್ರಾಂತಿಸ್ಥಾನ.
ಇಲ್ಲಿ ದೀಪ, ಮೇಣದ ಬತ್ತಿ, ಧೂಪಗಳನ್ನು ಹಚ್ಚುವುದೂ ಮೃತರಿಗಾಗಿ ಪ್ರಾರ್ಥಿಸುವುದೂ ನಿಷಿದ್ಧ.
ವೇದದಲ್ಲಿ ಬರೆಯದಿರುವುದಕ್ಕೆ ಇಲ್ಲಿ ಎಡೆಯಿಲ್ಲ.

ಮೂವತ್ತಮೂರು ವರುಷಗಳಾದರೂ ಒಂದು ಅಕ್ಷರವನ್ನು ಕೂಡಿಸುವ ಅಥವಾ ಕಳೆಯುವ ಅಗತ್ಯ ನನಗೆ ತೋರುವುದಿಲ್ಲ.

ದಿನದ ಬರಹವನ್ನು ಆಶೀರ್ವಾದದಿಂದ ಮುಗಿಸುವುದು ನನ್ನ ರೂಢಿ. ಮಗಳು ಸುಪ್ರೀತಾಳಿಗೂ ಸಭೆಯ ನಲುವತ್ತೆರಡು ಮನೆಗಳವರಿಗೂ ಕರ್ತನ ಕೃಪೆಯಿರಲಿ. ಎಂದಿನಂತೆ, ಬದುಕಿರುವವರಿಗೆ ಮಾತ್ರ. ಸತ್ತವರು ನಮ್ಮ ಬೇಡಿಕೆಯ ಕೈಗೆ ಎಟಕುವವರಲ್ಲ. ಹೆಂಡತಿ ಸೆವ್ರಿನ್ ತೀರಿಕೊಂಡು ಮೂರು ವರುಷಗಳಾದವು. ಅವಳ ಹೆಸರನ್ನು ಒಂದು ದಿನವೂ ನಾನು ಪ್ರಾರ್ಥನೆಯಲ್ಲಿ ಎತ್ತಿದವನಲ್ಲ.

೯ ಅಕ್ಟೋಬರ್, ಬುಧವಾರ

ಬಸ್ಸುನಿಲ್ದಾಣದ ಹಿಂದಿನ ಓಣಿಯಲ್ಲಿ ಮೊಯಿದಿನಬ್ಬನನ್ನು ಕಂಡೆನು. ಅಂದು ಹಲಗೆ ಬರೆದವನೂ ಅವನೇ. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಒಳಗೆಲ್ಲ ಕಂಪ್ಯೂಟರು, ಹೊರಗೆಲ್ಲ ನಗುಮುಖದ ಫ್ಲೆಕ್ಸುಗಳು.

‘ಈಗ ಯಾರು ಪಂಡಿತರೇ ಬ್ರಶ್ಶಿನಲ್ಲಿ ಬರೆಸ್ತಾರೆ? ಫ್ಲೆಕ್ಸ್ ಆದ್ರೆ ಸಂಜೆಯೊಳಗೆ ಆಗ್ತದೆ. ಮೂಲೆಯಲ್ಲಿ ನಿಮ್ಮದೊಂದು ಫೋಟೋನೂ ಹಾಕ್ಬಹುದು.’

‘ಸಮಾಧಿಭೂಮಿಯ ಬಾಗಿಲಲ್ಲಿ ನನ್ನ ಫೋಟೋ ಹಾಕುವ ದಿನ ಬೇರೆ ಉಂಟು ಮಾರಾಯ. ನೀನು ಬ್ರಶ್ಶು ಹಿಡಿ.’

ಮುದುಕ ಸಂತೋಷಪಟ್ಟ. ಮೊದಲು ಹಳೆಯ ಬಣ್ಣವನ್ನು ಉಜ್ಜಿ ತೆಗೆದು ಬಿಳಿ ಬಳಿಯುವುದು, ಅದು ಒಣಗಿದ ಮೇಲೆ ನಾನು ಒಕ್ಕಣೆಯ ಚೀಟಿ ಕೊಡುವುದು ಎಂದು ಮಾತಾಯಿತು. ಹೊರಡುವಾಗ ಅವನು, ಅಂದು ಈ ಹಲಗೆ ಬರೆಯುವಾಗ ನೀವು ಯಾರ ಮೇಲೋ ಸಿಟ್ಟಿನಲ್ಲಿ ಇದ್ದಿರಿ ಎಂದ. ಹೌದು, ಇದ್ದೆನು. ಆ ವರುಷದ ನವೆಂಬರ್ ಮೂರರ ಬೆಳಿಗ್ಗೆ ನಮ್ಮ ಚೊಚ್ಚಲ ಮಗು ತಿಮೊಥೆಯನ ಸಮಾಧಿಯ ಮೇಲೆ ಕರಗಿದ ಮೇಣವನ್ನು ಕಂಡಿದ್ದೆನು. ಹನ್ನೊಂದು ದಿನ ಬದುಕಿದ ಮಗು. ಮುರಕಲ್ಲಿನ ಮೊಳದುದ್ದದ ಸಮಾಧಿ. ನವೆಂಬರ್ ಎರಡು ಕಥೊಲಿಕರು ಸತ್ತವರಿಗಾಗಿ ಬತ್ತಿ ಹಚ್ಚುವ ದಿನ. ಸೆವ್ರಿನ್ ಬಂಟ್ವಾಳದ ಕಥೊಲಿಕ ಮನೆಯಲ್ಲಿ ಹುಟ್ಟಿ, ಮದುವೆಯಾದಂದಿನಿಂದ ನಮ್ಮ ಪ್ರೊಟೆಸ್ಟಂಟ್ ಸಭೆಗೆ ಸೇರಿದವಳು. ಅವಳ ತವರಿನವರು ನನಗೆ ತಿಳಿಯದಂತೆ ಬಂದು ಹೋದರೆಂದು ನಿಶ್ಚಯಿಸಿ, ಒಂದೇ ವಾರದಲ್ಲಿ ಹಲಗೆ ಏರಿಸಿದೆನು. ಸಿಟ್ಟಿನಲ್ಲಿ ಬರೆದದ್ದಾದರೂ ಒಕ್ಕಣೆ ಶುದ್ಧವಾಗಿಯೇ ಬಂದಿತ್ತು.

೧೪ ಅಕ್ಟೋಬರ್, ಸೋಮವಾರ

ಇಂದು ಬಹಳ ಬರೆಯುವುದಿದೆ. ಸಿಟ್ಟು ಇನ್ನೂ ಇಳಿದಿಲ್ಲ.

ಸೆವ್ರಿನಳ ತಂಗಿ ಬೆನೆದಿಕ್ತಾ, ನಾವು ಬೆನ್ನಾ ಎಂದು ಕರೆಯುವವಳು, ಒಮ್ಮೆ ಬಂದು ಹೋಗಬೇಕೆಂದು ಫೋನು ಮಾಡಿದ್ದಳು. ಸಿದ್ಧಕಟ್ಟೆಯ ಮೇಲಿನ ಬಸ್ಸಿನಲ್ಲಿ ಬಿ.ಸಿ.ರೋಡಿಗೆ ಹೋಗಿ, ಅಲ್ಲಿಂದ ರಿಕ್ಷಾದಲ್ಲಿ ಮೊಡಂಕಾಪಿನ ಅವಳ ಮನೆಗೆ ತಲುಪಿದೆನು. ಎಪ್ಪತ್ತನಾಲ್ಕು ವರುಷ, ಮದುವೆಯಿಲ್ಲ. ಕಥೊಲಿಕರ ಇಗರ್ಜಿಯ ಮಕ್ಕಳಿಗೆ, ದೊತೊರ್ನ್ ಎಂದು ಅವರು ಹೇಳುವ ಧರ್ಮಪಾಠವನ್ನು ನಲುವತ್ತು ವರುಷ ಕಲಿಸಿದವಳು. ಮಾತಿನಲ್ಲಿ ಅವಳನ್ನು ಸೋಲಿಸಿದವರನ್ನು ನಾನು ಕಂಡಿಲ್ಲ, ನನ್ನನ್ನು ಬಿಟ್ಟು.

ಅವಳ ಕಣ್ಣಿನ ನರ ಒಣಗುತ್ತಿದೆಯಂತೆ. ಪಕ್ಕದಲ್ಲಿರುವುದು ಯಾವುದೂ ಕಾಣುವುದಿಲ್ಲ, ನೇರ ಎದುರಿಗಿರುವುದಷ್ಟೇ ಕೊಳವೆಯೊಳಗಿಂದ ನೋಡಿದಂತೆ ಕಾಣುತ್ತದೆ. ಆ ಕೊಳವೆಯೂ ದಿನೇದಿನೇ ಕಿರಿದಾಗುತ್ತಿದೆ. ಮಂಗಳೂರಿನ ವೈದ್ಯರು ಬರುವ ಮಳೆಗಾಲದವರೆಗೆ ಎಂದಿದ್ದಾರೆ. ಇದನ್ನು ಅವಳು ಬಸ್ಸಿನ ಹೊತ್ತು ತಿಳಿಸುವವಳಂತೆ ತಿಳಿಸಿ, ಚಹಾ ಮುಂದಿಟ್ಟಳು.

‘ಬರುವ ವರ್ಷ ನನಗೆ ಬೆಳಕು ಕಾಣ್ತದಂತ ಧೈರ್ಯ ಇಲ್ಲ, ಭಾವ. ಈ ಎರಡನೇ ತಾರೀಕಿಗೆ ಅಕ್ಕನ ಸಮಾಧಿಯಲ್ಲಿ ಒಂದು ಬತ್ತಿ ಹಚ್ಚಬೇಕು. ಹಚ್ಚಿ ಅದು ಉರಿಯುವುದನ್ನು ನೋಡ್ಬೇಕು. ಸಾಯುವಾಗ ಅವಳು ಕೇಳಿದ್ದು, ನಾನು ಮಾತು ಕೊಟ್ಟದ್ದು. ಮೂರು ವರ್ಷ ನಿಮಗೆ ಹೆದರಿ ಮನೆಯಲ್ಲೇ ಹಚ್ಚಿದೆ.’

ಸೆವ್ರಿನ್ ಹಾಗೆ ಕೇಳಿರಲಾರಳು ಎಂದು ನಾನು ಹೇಳಿದೆನು. ಕೇಳಿದ್ದರೂ ಸ್ಮೃತಿ ತಪ್ಪಿದ ಗಳಿಗೆಯ ಮಾತು. ಮೇಲಾಗಿ, ಸತ್ತವರಿಗಾಗಿ ಪ್ರಾರ್ಥಿಸಬೇಕೆಂದು ಎಲ್ಲಿ ಬರೆದಿದೆ? ಈ ಪ್ರಶ್ನೆಯೊಂದರಿಂದ ನಾನು ಐವತ್ತು ವರುಷ ವಾದ ಗೆದ್ದಿದ್ದೇನೆ.

ಅವಳು ಸಿದ್ಧವಾಗಿಯೇ ಇದ್ದಳು. ಅವರ ವೇದಪುಸ್ತಕದಲ್ಲಿ ನಮ್ಮದರಲ್ಲಿಲ್ಲದ ಏಳು ಗ್ರಂಥಗಳುಂಟು. ಅವುಗಳಲ್ಲೊಂದರಲ್ಲಿ ಯೆಹೂದ್ಯರ ಸೇನಾಪತಿಯೊಬ್ಬನು ಯುದ್ಧದಲ್ಲಿ ಮಡಿದ ತನ್ನವರಿಗಾಗಿ ಕಾಣಿಕೆ ಕೂಡಿಸಿ ಪ್ರಾರ್ಥನೆ ಮಾಡಿಸಿದ ವೃತ್ತಾಂತ ಬರುತ್ತದೆ. ಅದನ್ನು ತೆಗೆದು ಬೆರಳಿಟ್ಟು ತೋರಿಸಿದಳು. ಕಣ್ಣು ಸರಿಯಾಗಿ ಕಾಣದಿದ್ದರೂ ಪುಟ ಅವಳ ಬೆರಳಿಗೆ ಗೊತ್ತು.

‘ಅದು ವೇದವಲ್ಲ’ ಎಂದೆನು.

‘ಯಾರು ಹೇಳಿದ್ದು?’

‘ನಮ್ಮ ವೇದದ ಪರಿವಿಡಿ ನೋಡು. ಅರುವತ್ತಾರು ಗ್ರಂಥ. ಅದರಲ್ಲಿ ಇದರ ಹೆಸರಿಲ್ಲ.’

‘ಆ ಪರಿವಿಡಿಯನ್ನು ಬರೆದ ಪ್ರವಾದಿ ಯಾರು, ಭಾವ?’

ಚಹಾ ಆರಿತ್ತು. ನಾನು ಉತ್ತರ ಕೊಡದೆ ಎದ್ದದ್ದು ಉತ್ತರವಿಲ್ಲದ್ದರಿಂದಲ್ಲ, ಬಸ್ಸು ತಪ್ಪುವುದೆಂದು. ಬೀಳ್ಕೊಡುವಾಗ ಅವಳು ಹಲಸಿನ ಹಪ್ಪಳದ ಕಟ್ಟಿನ ಜೊತೆಗೆ ತನ್ನ ವೇದಪುಸ್ತಕವನ್ನೂ ನನ್ನ ಚೀಲಕ್ಕೆ ತುರುಕಿದಳು. ‘ಓದಿ ನೋಡಿ. ಓದಿದ್ರೆ ಯಾರೂ ಪೋಪರಾಗುವುದಿಲ್ಲ.’

ಬತ್ತಿಗೆ ಅನುಮತಿ ಇಲ್ಲವೆಂದು ಸ್ಪಷ್ಟವಾಗಿ ತಿಳಿಸಿ ಬಂದಿದ್ದೇನೆ. ಬದುಕಿರುವವರೆಲ್ಲರಿಗೂ, ಹಟಮಾರಿಗಳಿಗೂ, ಶಾಂತಿಯಿರಲಿ.

೧೫ ಅಕ್ಟೋಬರ್, ಮಂಗಳವಾರ

ಪರಿವಿಡಿಯನ್ನು ಬರೆದ ಪ್ರವಾದಿ ಯಾರು ಎಂಬ ಪ್ರಶ್ನೆಗೆ ನಿರ್ಣಾಯಕವಾದ ಉತ್ತರವಿದೆ. ನಾಳೆ ಬರೆಯುವೆನು.

೧೬ ಅಕ್ಟೋಬರ್, ಬುಧವಾರ

ನಾಳೆ.

೧೮ ಅಕ್ಟೋಬರ್, ಶುಕ್ರವಾರ

ನನ್ನಲ್ಲಿರುವ ವ್ಯಾಖ್ಯಾನಗಳನ್ನೆಲ್ಲ ತೆಗೆದು ಹಾಸಿದ್ದೇನೆ. ಮಂಚದ ಮೇಲೆ ಮಲಗಲು ಎಡೆಯಿಲ್ಲವೆಂದು ಸುಪ್ರೀತಾ ಗೊಣಗಿದಳು. ಮಿಜಾರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳಿಗೆ ಇದರ ತೂಕ ತಿಳಿಯದು.

ಸತ್ಯವನ್ನು ನನಗೆ ನಾನೇ ಮುಚ್ಚಿಡಲಾರೆ. ಇಂತಿಷ್ಟು ಗ್ರಂಥಗಳು ಎಂಬ ವಾಕ್ಯ ಯಾವ ಗ್ರಂಥದ ಒಳಗೂ ಇಲ್ಲ. ಪಟ್ಟಿ ಕೈಯಿಂದ ಕೈಗೆ ಬಂದದ್ದು. ಇವು ನಮ್ಮವು, ಅವು ಅಲ್ಲ ಎಂದು ಆರಾಧಿಸುವ ಜನ ಶತಮಾನಗಳ ಕಾಲ ಆಯ್ದು ಇಟ್ಟುಕೊಂಡದ್ದು. ತರುಣನಾಗಿದ್ದಾಗ ನಮ್ಮೂರಿನ ಬಸದಿಯೊಂದರಲ್ಲಿ ತಾಳೆಗರಿಗಳನ್ನು ನೋಡಲು ಹೋಗಿದ್ದೆನು. ಅಲ್ಲಿನ ವೃದ್ಧರು ದಾರ ಬಿಚ್ಚಿದ ಕಟ್ಟೊಂದನ್ನು ತೋರಿಸಿ, ಗರಿಗಳು ತಾವಾಗಿ ಕಟ್ಟಿಕೊಳ್ಳುವುದಿಲ್ಲ ಸ್ವಾಮಿ, ದಾರ ಪೋಣಿಸಿದ ಕೈ ಒಂದು ಇದ್ದೇ ಇರಬೇಕು ಎಂದಿದ್ದರು. ಆಗ ಅದನ್ನು ಪ್ರತಿಗಳ ವಿಷಯವಾಗಿ ಆಡಿದ ಮಾತೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆನು.

ಇಷ್ಟರಿಂದ ಬೆನ್ನಾ ಗೆದ್ದಂತಾಗಲಿಲ್ಲ. ದಾರ ಪೋಣಿಸಿದ ಕೈಯನ್ನು ಒಪ್ಪಿದ ಮಾತ್ರಕ್ಕೆ ಆ ಕೈ ತೋರಿಸಿದ್ದನ್ನೆಲ್ಲ ಒಪ್ಪಬೇಕೆಂದಿಲ್ಲ.

ಅವಳ ಪುಸ್ತಕದಲ್ಲಿ ಆ ಸೇನಾಪತಿಯ ಅಧ್ಯಾಯವನ್ನು ಎರಡು ಸಲ ಓದಿದೆನು. ಭಾಷಾಂತರವನ್ನು ಪರೀಕ್ಷಿಸುವುದಕ್ಕಾಗಿ. ಪರವಾಗಿಲ್ಲ, ಕನ್ನಡ ಹದವಾಗಿದೆ.

೨೦ ಅಕ್ಟೋಬರ್, ಭಾನುವಾರ

ಮಧ್ಯಾಹ್ನದ ಊಟದ ಹೊತ್ತಿಗೆ ಬೆನ್ನಾಳ ಹಟದ ಮಾತು ಬಂತು. ನಲುವತ್ತೇಳು ವರುಷ ನನ್ನೊಡನೆ ಬಾಳಿದ ನಿನ್ನ ತಾಯಿ ಒಂದು ದಿನವಾದರೂ ಬತ್ತಿಯ ಹೆಸರೆತ್ತಿದ್ದುಂಟೇ ಎಂದು ಕೇಳಿದೆನು. ಸುಪ್ರೀತಾ ಸೌಟನ್ನು ಪಾತ್ರೆಗೆ ಹಾಕಿ ಎದ್ದಳು. ‘ಬನ್ನಿ ಅಪ್ಪ’ ಎಂದು ಬಚ್ಚಲುಕೊಟ್ಟಿಗೆಗೆ ಕರೆದುಕೊಂಡು ಹೋದಳು. ಹಂಡೆಯ ಹಿಂದೆ, ಮಸಿಹಿಡಿದ ಗೋಡೆಯ ಗೂಡಿನೊಳಕ್ಕೆ ಕೈಹಾಕಿ ತೆಂಗಿನ ಚಿಪ್ಪೊಂದನ್ನು ತೆಗೆದಳು. ಚಿಪ್ಪಿನ ಅರ್ಧದವರೆಗೂ ಮೇಣ. ಪದರದ ಮೇಲೆ ಪದರ, ಕೆಲವು ಬಿಳಿ, ಕೆಲವು ಹೊಗೆಬಣ್ಣ.

‘ಪ್ರತಿ ವರ್ಷ ನವೆಂಬರ್ ಎರಡಕ್ಕೆ. ನೀವು ಸಂಜೆ ಪ್ರಾರ್ಥನಾಕೂಟಕ್ಕೆ ಹೋದ ಮೇಲೆ. ತಿಮೊಥೆಯಣ್ಣನಿಗೆ. ನಾನು ಹೊರಗೆ ನಿಲ್ಲುವುದು. ನೀವು ಬಂದ್ರೆ ಕೆಮ್ಮಬೇಕು ಅಂತ ಹೇಳಿದ್ರು.’

ಬಂಟ್ವಾಳದವರು ಸಮಾಧಿಯ ಮೇಲೆ ಹಚ್ಚಿದ ಆ ಒಂದು ವರುಷವನ್ನು ಬಿಟ್ಟು, ಎಂದು ನಾನು ಹೇಳಿದೆನು. ಯಾಕೆ ಹಾಗೆ ಹೇಳಿದೆನೋ ತಿಳಿಯದು.

‘ಬಂಟ್ವಾಳದವರು ಯಾರೂ ಬರ್ಲಿಲ್ಲ, ಅಪ್ಪ. ಆ ಮೇಣವೂ ಅಮ್ಮಂದೇ. ಅದಕ್ಕೆ ಮುಂಚೆ ಅವರು ಅಲ್ಲೇ ಹೋಗಿ ಹಚ್ತಿದ್ದದ್ದು. ಕೆರೆದು ತೆಗೀತಿದ್ರು. ಆ ವರ್ಷ ಮಾತ್ರ ನನಗೆ ಜ್ವರ ಇತ್ತು, ಕೆರೆಯುವಷ್ಟು ಹೊತ್ತು ನಿಲ್ಲದೆ ಬಂದ್ರಂತೆ. ಹಲಗೆ ಬಂದ ಮೇಲೆ ಇಲ್ಲಿ.’

ತೊಂಬತ್ತೊಂದರಲ್ಲಿ ಹಲಗೆಗೆ ಮೂರು ಸಾಲು ಬರೆದ ಸಂಜೆ ಅವನ್ನು ನಾನು ಸೆವ್ರಿನಳಿಗೆ ಓದಿ ಹೇಳಿದ್ದೆನು. ಅವಳು ಅಕ್ಕಿ ಆರಿಸುತ್ತಿದ್ದಳು. ಹೇಗಿದೆ ಎಂದು ಕೇಳಿದೆನು. ‘ಅಕ್ಷರ ಚಂದ ಉಂಟು’ ಎಂದಳು.

೨೧ ಅಕ್ಟೋಬರ್, ಸೋಮವಾರ

ಬಚ್ಚಲ ಒಲೆಗೆ ನಾನೇ ಬೆಂಕಿ ಹಾಕಿದೆನು. ನೀರು ಕಾದಿತು. ಸ್ನಾನ ಮಾಡಲಿಲ್ಲ.

೨೪ ಅಕ್ಟೋಬರ್, ಗುರುವಾರ

ಮೊಯಿದಿನಬ್ಬ ಎರಡು ದಿನಗಳಿಂದ ಹಲಗೆಯನ್ನು ಉಜ್ಜಿ ಬಿಳಿ ಬಳಿದಿದ್ದಾನೆ. ಇಂದು ನೋಡಲು ಹೋದೆನು. ಬಾಗಿಲಿನ ಮೇಲೆ ಏನೂ ಬರೆಯದ ಬಿಳಿ. ಅವನು ಒಕ್ಕಣೆಯ ಚೀಟಿಗಾಗಿ ಕೈಚಾಚಿದ.

ಚೀಟಿ ಜೇಬಿನಲ್ಲಿಯೇ ಇತ್ತು. ಕೊಡುವ ಮೊದಲು, ರೂಢಿಯಂತೆ, ಇನ್ನೊಮ್ಮೆ ಓದಿದೆನು. ಆಗ ಮೂವತ್ತಮೂರು ವರುಷ ಕಾಣದ ದೋಷವೊಂದು ಕಂಡಿತು. ಮೂರನೆಯ ಸಾಲು, ವೇದದಲ್ಲಿ ಬರೆಯದಿರುವುದಕ್ಕೆ ಇಲ್ಲಿ ಎಡೆಯಿಲ್ಲ. ಒಳ್ಳೆಯದು. ಎರಡನೆಯ ಸಾಲು, ಬತ್ತಿ ಹಚ್ಚುವುದು ನಿಷಿದ್ಧ. ಎಲ್ಲಿ ಬರೆದಿದೆ? ಅರುವತ್ತಾರರಲ್ಲಿ ಯಾವುದರಲ್ಲಿ? ಸಮಾಧಿಯ ಬಳಿ ಬತ್ತಿ ಹಚ್ಚಬಾರದೆಂದು ಮೋಶೆಯೂ ಹೇಳಲಿಲ್ಲ, ಪೌಲನೂ ಹೇಳಲಿಲ್ಲ. ಹೇಳಿದವನು ಹನೋಕ ಜತ್ತನ್ನ. ಮೂರನೆಯ ಸಾಲನ್ನು ಉಳಿಸಿಕೊಂಡರೆ ಎರಡನೆಯದಕ್ಕೆ ಆ ಹಲಗೆಯಲ್ಲಿ ಎಡೆಯಿಲ್ಲ.

ಚೀಟಿಯನ್ನು ಜೇಬಿಗೆ ಹಾಕಿಕೊಂಡೆನು. ಬರೆಯಬೇಡ, ಒಕ್ಕಣೆಯಲ್ಲಿ ತಿದ್ದುಪಡಿ ಉಂಟು ಎಂದೆನು.

‘ಎಷ್ಟು ದಿನ ಬೇಕು?’

‘ಗೊತ್ತಿಲ್ಲ.’

‘ನಿಮಗೆ ಗೊತ್ತಿಲ್ಲದ್ದೂ ಉಂಟಾ ಪಂಡಿತರೇ’ ಎಂದು ಬೀಡಿ ಹಚ್ಚಿದ.

ಇಲ್ಲಿ ಒಂದು ವಿಷಯವನ್ನು ನನ್ನ ಮಟ್ಟಿಗೆ ದಾಖಲಿಸಿಡುತ್ತೇನೆ. ನನ್ನ ನಂಬಿಕೆ ಕೂದಲೆಳೆಯಷ್ಟೂ ಅಲುಗಿಲ್ಲ. ಸತ್ತವರಿಗಾಗಿ ಪ್ರಾರ್ಥಿಸುವುದು ಇಂದೂ ನನಗೆ ಒಪ್ಪಿಗೆಯಿಲ್ಲ. ನಾನು ಆಕ್ಷೇಪಿಸುವುದು ವೇದವನ್ನು ಮೀರಿದ ನಿಷೇಧವನ್ನು ಮಾತ್ರ. ಸಂಜೆ ಬೆನ್ನಾಳಿಗೆ ಫೋನು ಮಾಡಿ ಇದನ್ನು ವಿವರವಾಗಿ ತಿಳಿಸಿದೆನು. ಪೂರ್ತಿ ಕೇಳಿ, ‘ಹಾಗಾದ್ರೆ ಎರಡನೇ ತಾರೀಕು ಎಷ್ಟು ಗಂಟೆಗೆ ಬರುವುದು?’ ಎಂದಳು.

೨೭ ಅಕ್ಟೋಬರ್, ಮತಸುಧಾರಣೆಯ ಭಾನುವಾರ

ಐನೂರು ವರುಷಗಳ ಕೆಳಗೆ ವೇದವೊಂದನ್ನೇ ಪ್ರಮಾಣವಾಗಿ ಹಿಡಿದು ನಿಂತವರನ್ನು ನೆನೆಯುವ ದಿನ. ಸಭಾಪಾಲಕ ಪ್ರಶಾಂತ ಅಮ್ಮನ್ನ ಚೆನ್ನಾಗಿ ಪ್ರಸಂಗಿಸಿದರು. ಮೂವತ್ತನಾಲ್ಕರ ತರುಣ, ವಿನಯವಂತ. ಆರಾಧನೆಯ ತರುವಾಯ ಸಮಿತಿ ಕೂಡಿತು. ಹಲಗೆ ಏಕೆ ಬಿಳಿಯಾಗಿಯೇ ಇದೆ ಎಂಬುದು ಮೊದಲ ವಿಷಯ.

ನಾನು ಎದ್ದು ನಿಂತು ಮೇಲಿನ ತರ್ಕವನ್ನು ಸಾವಧಾನವಾಗಿ ಮಂಡಿಸಿದೆನು. ಎರಡನೆಯ ಸಾಲನ್ನು ಬಿಡಬೇಕು. ನನ್ನ ಹೆಂಡತಿಯ ತಂಗಿ ಎರಡನೆಯ ತಾರೀಕು ಸಂಜೆ ಬಂದು ಬತ್ತಿ ಹಚ್ಚುವಳು. ಯಾರಿಗಾದರೂ ಆಕ್ಷೇಪವಿದ್ದರೆ ವೇದದಿಂದ ವಾಕ್ಯ ತೋರಿಸಬೇಕು.

ಬೆಂಜಮಿನ್ ಕರ್ಕಡನಿಗೆ ತೆರೆದ ಬಾಯಿಯನ್ನು ಮುಚ್ಚಲು ಬಹಳ ಹೊತ್ತು ಹಿಡಿಯಿತು. ಈ ಸಲ ಅದೇ ದಿನ ದೀಪಾವಳಿಯ ಪಾಡ್ಯ, ಗುಡ್ಡೆಯ ಕೆಳಗಿನ ಗದ್ದೆಗಳಲ್ಲೆಲ್ಲ ಬಲಿಯೇಂದ್ರನಿಗೆ ದೀಪ ಇಟ್ಟಿರುತ್ತಾರೆ, ಅದರ ನಡುವೆ ನಮ್ಮ ಸಮಾಧಿಭೂಮಿಯಲ್ಲಿಯೂ ದೀಪ ಕಂಡರೆ ಊರವರು ಏನು ತಿಳಿದಾರು ಎಂಬುದು ಅವನ ಒಂದು ಚಿಂತೆ. ಇಂದು ಒಬ್ಬರಿಗೆ ಬಿಟ್ಟರೆ ನಾಳೆ ಮಿಶ್ರವಿವಾಹದ ಮನೆಗಳೆಲ್ಲ ಬತ್ತಿ ತರುವರು ಎಂಬುದು ಇನ್ನೊಂದು.

‘ನೀವೇ ಬರೆಸಿದ್ದನ್ನು ನೀವೇ ಒರೆಸುವುದಾ ಪಂಡಿತರೇ? ಮೂವತ್ತಮೂರು ವರ್ಷ ಮಕ್ಕಳಿಗೆಲ್ಲ ಅದನ್ನೇ ಓದಿಸಿದ್ದೇವೆ.’

‘ಮೂವತ್ತಮೂರು ವರ್ಷ ಎಂಬುದು ವೇದವಾಕ್ಯವಲ್ಲ, ಬೆಂಜಮಿನ್.’

‘ನಮ್ಮ ಪದ್ಧತಿಯಲ್ವಾ?’

ಪದ್ಧತಿ. ಒಂದು ಗಂಟೆಯ ಹಿಂದೆಯಷ್ಟೇ ಪ್ರಸಂಗಪೀಠದಿಂದ ಅದೇ ಶಬ್ದವನ್ನು ರೋಮಿನವರ ಮೇಲೆ ಎಸೆದಿದ್ದರು. ಈ ದೇವಾಲಯದಲ್ಲಿ ಅದನ್ನು ಪ್ರಮಾಣವೆಂದು ಎತ್ತಿ ಹಿಡಿದವನು ನೀನೇ ಮೊದಲಿಗ ಎಂದೆನು. ಮನುಷ್ಯರ ಕಟ್ಟಳೆಯನ್ನು ಹಿಡಿದು ದೇವರ ಆಜ್ಞೆಯನ್ನು ಬಿಟ್ಟವರನ್ನು ಕರ್ತನು ಗದರಿದ್ದು ಹಿರಿಯರ ಮುಂದೆಯೇ ಎಂದು ನೆನಪಿಸಿದೆನು. ಆ ಕಟ್ಟಳೆ ನನ್ನದೇ ಎಂಬುದನ್ನೂ ಮರೆಮಾಚಲಿಲ್ಲ. ಕೈ ಎತ್ತಿಸಿದರು. ಏಳು ಮಂದಿಯಲ್ಲಿ ಐವರು ಹಳೆಯ ಹಲಗೆಯ ಕಡೆಗೆ, ಒಬ್ಬರು ನೆಲವನ್ನು ನೋಡುತ್ತಿದ್ದರು. ನನ್ನ ಕಡೆಗೆ ನಾನು.

ಹಳೆಯ ಒಕ್ಕಣೆಯನ್ನೇ ಬರೆಯಿಸಲು ಬೆಂಜಮಿನ್ ನೇರವಾಗಿ ಮೊಯಿದಿನಬ್ಬನಲ್ಲಿಗೆ ಹೋದನಂತೆ. ಪಂಡಿತರು ತಿದ್ದಿ ಕೊಡದ ಕನ್ನಡವನ್ನು ನಾನು ಬರೆಯುವವನಲ್ಲ, ಬೇಕಾದರೆ ನಾಲ್ಕನೇ ತಾರೀಕಿನ ಮೇಲೆ ಮಗನ ಹತ್ತಿರ ಫ್ಲೆಕ್ಸ್ ಮಾಡಿಸಿ ಎಂದು ಆತ ಹೇಳಿ ಕಳುಹಿಸಿದನಂತೆ. ಆ ಬ್ಯಾರಿ ಮುಸಲ್ಮಾನ ಮುದುಕನಿಗೆ ಕರ್ತನು ದೀರ್ಘಾಯುಸ್ಸನ್ನು ಕೊಡಲಿ.

೩೧ ಅಕ್ಟೋಬರ್, ಗುರುವಾರ

ಬೆಳಿಗ್ಗೆಯಿಂದ ಸುತ್ತಲೂ ಪಟಾಕಿ. ಹನ್ನೊಂದರ ಹೊತ್ತಿಗೆ ಸಭಾಪಾಲಕರು ಮನೆಗೆ ಬಂದರು. ಸುಪ್ರೀತಾ ಶರಬತ್ತು ಕೊಟ್ಟಳು. ಅವರು ಲೋಟವನ್ನು ತಿರುಗಿಸುತ್ತ, ಸಮಿತಿ ಒಂದು ದಾರಿಯನ್ನು ಒಪ್ಪಿದೆ ಎಂದರು. ಬೆನೆದಿಕ್ತಾಬಾಯಿಯವರು ಸಮಾಧಿಭೂಮಿಯ ಪಾಗಾರದ ಗೋಡೆಯ ಹೊರಗೆ, ಮಾರ್ಗದ ಬದಿಯಲ್ಲಿ ನಿಂತು ಬತ್ತಿ ಹಚ್ಚಬಹುದು. ಯಾರೂ ಏನೂ ಹೇಳುವುದಿಲ್ಲ.

‘ಸೆವ್ರಿನ್ ಪಾಗಾರದ ಹೊರಗೆ ಮಲಗಿಲ್ಲ’ ಎಂದೆನು.

ಹಾಗಿದ್ದರೆ ಸಮಿತಿಯ ಮಾತನ್ನು ಮೀರಿದ್ದಕ್ಕಾಗಿ ಮೂರನೆಯ ತಾರೀಕಿನ ಸಭೆಯಲ್ಲಿ ನನ್ನನ್ನು ಹಿರಿಯತನದಿಂದ ಇಳಿಸಬೇಕೆಂದು ಬೆಂಜಮಿನ್ ಅರ್ಜಿ ಕೊಟ್ಟಿದ್ದಾನೆ. ತಾವಾಗಿಯೇ ಬಿಟ್ಟುಕೊಟ್ಟರೆ ಮರ್ಯಾದೆ ಉಳಿಯುವುದು ಎಂದು ಅವರು ಮೆಲ್ಲಗೆ ಹೇಳಿದರು. ಮೂವತ್ತೆಂಟು ವರುಷ ಕುಳಿತ ಆ ಮುಂದಿನ ಬೆಂಚು ನನಗೆ ಸಣ್ಣ ವಿಷಯವಲ್ಲ. ಹಾಗೆಂದು ಬರೆಯಲು ನಾಚಿಕೆಯಿಲ್ಲ. ಆದರೂ ನಾನಾಗಿ ಏಳುವುದಿಲ್ಲ. ಬೇಕಿದ್ದವರು ಏಳಿಸಲಿ, ಏಳಿಸುವಾಗ ಯಾವ ವಾಕ್ಯದ ಮೇರೆಗೆ ಎಂದು ಓದಲಿ.

ಹೊರಟವರು ಮೆಟ್ಟಿಲ ಬಳಿ ನಿಂತರು. ‘ಪಂಡಿತರೇ, ನೀವು ಅಲ್ಲಿ ಪ್ರಾರ್ಥನೆ ಮಾಡ್ತೀರಾ? ಅದೊಂದು ಹೇಳಿ.’

‘ಇಲ್ಲ.’

‘ಮತ್ತೆ ಇಷ್ಟೆಲ್ಲ ಯಾರಿಗಾಗಿ?’

ವೇದಕ್ಕಾಗಿ ಎಂದೆನು.

೨ ನವೆಂಬರ್, ಶನಿವಾರ

ಬೆನ್ನಾ ಮಧ್ಯಾಹ್ನದ ಬಸ್ಸಿನಲ್ಲಿ ಬಂದಳು. ಸುಪ್ರೀತಾ ಬಿ.ಸಿ.ರೋಡಿಗೆ ಹೋಗಿ ಕರೆತಂದಳು. ಕಪ್ಪು ಸೀರೆ, ಕೈಯಲ್ಲಿ ಜಪಮಾಲೆ, ಚೀಲದಲ್ಲಿ ಒಂದೇ ಒಂದು ಬತ್ತಿ. ಊಟವಾದ ಮೇಲೆ ಸೆವ್ರಿನಳ ತಲೆದಿಂಬನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಐದೂವರೆಗೆ ಮೂವರೂ ನಡೆದೆವು.

ಬಾಗಿಲಲ್ಲಿ ಬೆಂಜಮಿನ್ ಕರ್ಕಡ ನಿಂತಿದ್ದ. ಅವನ ಹಿಂದೆ ಇನ್ನಿಬ್ಬರು ಹಿರಿಯರು, ಸ್ವಲ್ಪ ದೂರದಲ್ಲಿ ಸಭಾಪಾಲಕರು. ಅವರೆಲ್ಲರ ತಲೆಯ ಮೇಲೆ ಬಿಳಿಯ ಹಲಗೆ.

‘ಒಳಗೆ ಬತ್ತಿ ಹಚ್ಚಲಿಕ್ಕಿಲ್ಲ ಪಂಡಿತರೇ. ಗೊತ್ತುಂಟಲ್ಲ ನಿಮಗೆ.’

‘ಎಲ್ಲಿ ಬರೆದಿದೆ, ತೋರಿಸು’ ಎಂದೆನು.

ಅವನ ಕೈ ತಾನಾಗಿ ಹಲಗೆಯ ಕಡೆಗೆ ಏರಿತು. ಏರಿದ್ದು ಅರ್ಧದಲ್ಲಿ ನಿಂತಿತು. ಅವನು ಹಲಗೆಯನ್ನು ನೋಡಿದ, ನನ್ನನ್ನು ನೋಡಿದ. ಎಂಟನೆಯ ತರಗತಿಯಲ್ಲಿ ಪದ್ಯ ಮರೆತಾಗಲೂ ಅವನು ಹೀಗೆಯೇ ನಿಲ್ಲುತ್ತಿದ್ದ.

‘ಬರೆಯದಿದ್ರೆ ಎಂತ? ಎಲ್ಲರಿಗೂ ಬಾಯಿಪಾಠ ಉಂಟು.’

‘ಬರೆಯದಿದ್ದರೂ ಹಿರಿಯರ ಬಾಯಿಂದ ಬಂದದ್ದು ಪ್ರಮಾಣ ಎನ್ನುತ್ತೀಯಾ? ಹಾಗಾದರೆ ನೀನು ಈಕೆಯ ಇಗರ್ಜಿಗೆ ಸೇರಬೇಕು, ಮಗೂ. ನಲುವತ್ತು ವರ್ಷ ಅವಳು ಕಲಿಸಿದ್ದು ಅದನ್ನೇ.’

‘ಬರ್ಲಿ, ದೊತೊರ್ನ್ ನಾನೇ ಹೇಳಿಕೊಡ್ತೇನೆ’ ಎಂದಳು ಬೆನ್ನಾ, ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ.

ಹಿರಿಯರಲ್ಲೊಬ್ಬರು ಕೆಮ್ಮಿದರು. ಬೆಂಜಮಿನ್, ನಾಳೆ ಸಭೆಯಲ್ಲಿ ನೋಡುವ ಎಂದು ಹೇಳಿ ಪಕ್ಕಕ್ಕೆ ಸರಿದ. ಹೋಗಲಿಲ್ಲ, ಸರಿದ ಅಷ್ಟೇ. ಕದವನ್ನು ನಾನು ತಳ್ಳಿದೆನು. ಸಭಾಪಾಲಕರು ಒಳಗೆ ಬರಲಿಲ್ಲ, ಹೊರಟೂ ಹೋಗಲಿಲ್ಲ. ತಲೆಯ ಮೇಲಿನ ಟೊಪ್ಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಸೆವ್ರಿನಳ ಸಮಾಧಿಯ ಮುಂದೆ ಬೆನ್ನಾ ಮೊಣಕಾಲೂರಿ ಬತ್ತಿ ನಿಲ್ಲಿಸಿದಳು. ಇಳಿಜಾರಿನ ಗಾಳಿಗೆ ಮೂರು ಕಡ್ಡಿ ಆರಿದವು. ನಾಲ್ಕನೆಯದನ್ನು ನಾನು ಅಂಗೈಮರೆ ಮಾಡಿ ಹಿಡಿದೆನು. ಗಾಳಿ ಇದ್ದುದರಿಂದ ಅದು ಅನಿವಾರ್ಯವಾಗಿತ್ತು. ಹತ್ತಿಕೊಂಡಿತು.

‘ಕಾಣ್ತದಾ, ಮೌಶಿ?’ ಎಂದು ಸುಪ್ರೀತಾ ಕೇಳಿದಳು.

ಬೆನ್ನಾ ಮುಖವನ್ನು ಎಡಕ್ಕೆ ಬಲಕ್ಕೆ ಮೆಲ್ಲನೆ ಆಡಿಸಿ, ಜ್ವಾಲೆಯನ್ನು ಹುಡುಕಿ, ನಿಲ್ಲಿಸಿದಳು. ‘ಕಾಣ್ತದೆ. ಸಣ್ಣದು. ಆದ್ರೆ ಇಡೀ ಕಾಣ್ತದೆ.’

ಆಮೇಲೆ ಅವಳು ಕೊಂಕಣಿಯಲ್ಲಿ ಪ್ರಾರ್ಥಿಸಿದಳು. ನಾನು ಪ್ರಾರ್ಥಿಸಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಕೈಗಳು ಜೋಡಿಸಿದ್ದವು, ಚಳಿಗೆ.

ಪಕ್ಕದ ಮೊಳದುದ್ದದ ಕಲ್ಲಿನ ಮೇಲೆ ನನ್ನ ಜೋಳಿಗೆಯಿಂದ ಆ ಚಿಪ್ಪನ್ನು ತೆಗೆದು ಇಟ್ಟೆನು. ಬೆಳಿಗ್ಗೆ ಪೇಟೆಯಲ್ಲಿ ಬೇರೆ ಏನನ್ನೋ ಕೊಳ್ಳಲು ಹೋದಾಗ ಒಂದು ಬತ್ತಿಯನ್ನೂ ಕೊಂಡಿದ್ದೆನು. ಹಳೆಯ ಮೇಣದ ಪದರಗಳ ಮೇಲೆ ಅದು ತಕ್ಷಣ ನೆಟ್ಟಗೆ ನಿಂತಿತು. ಸುಪ್ರೀತಾ ಒಮ್ಮೆ ಕೆಮ್ಮಿದಳು. ಏಕೆ ಎಂದು ತಿರುಗಿ ನೋಡಿದರೆ ಅಳುತ್ತ ನಗುತ್ತಿದ್ದಳು.

ಕತ್ತಲಾಗುತ್ತಿದ್ದಂತೆ ಕೆಳಗಿನ ಗದ್ದೆಗಳಿಂದ ಬಲಿಯೇಂದ್ರನನ್ನು ಕರೆಯುವ ಕೂ ಎಂಬ ಕೂಗು ಎದ್ದಿತು. ಒಂದಾದ ಮೇಲೊಂದು ಬದುವಿನಲ್ಲಿ ದೀಪಗಳು ಹತ್ತಿದವು. ಅವುಗಳ ನಡುವೆ ನಮ್ಮ ಎರಡನ್ನು ಊರವರು ಏನೆಂದು ತಿಳಿದರೋ ನಾನು ವಿಚಾರಿಸಿಲ್ಲ. ಮರಳುವಾಗ ಬೆಂಜಮಿನ್ ಇನ್ನೂ ಬಾಗಿಲಲ್ಲಿಯೇ ಇದ್ದ. ಕದ ಹಾಕಬೇಡ, ಬತ್ತಿ ಪೂರ್ತಿ ಉರಿಯಲಿ ಎಂದೆನು. ಅವನು ಕದ ಹಾಕಲಿಲ್ಲ.

ನಾಳೆ ಭಾನುವಾರ. ನನ್ನ ಹೆಸರನ್ನು ಹಿರಿಯರ ಪಟ್ಟಿಯಿಂದ ತೆಗೆಯುವರು. ತೆಗೆಯಲಿ. ಹಿಂದಿನ ಬೆಂಚಿನಲ್ಲಿ ಕುಳಿತರೂ ನನ್ನ ಪ್ರಶ್ನೆ ಪ್ರಸಂಗಪೀಠಕ್ಕೆ ಕೇಳಿಸುವಷ್ಟು ಧ್ವನಿ ನನಗಿನ್ನೂ ಇದೆ. ನಾಲ್ಕನೆಯ ತಾರೀಕು ಫ್ಲೆಕ್ಸ್ ಬಂದರೆ ಐದನೆಯ ತಾರೀಕು ಅದರ ತಪ್ಪುಗಳ ಪಟ್ಟಿ ಸಮಿತಿಗೆ ತಲುಪುವುದು.

ಇಂದಿನ ದಿನದಲ್ಲಿ ಪಾಲುಗೊಂಡ ಎಲ್ಲರಿಗೂ ಆಶೀರ್ವಾದವಿರಲಿ. ಒಳಗಿನ ಕೋಣೆಯಲ್ಲಿ ಈಗ ನಿದ್ರಿಸುತ್ತಿರುವ ಬೆನೆದಿಕ್ತಾಳ ಕಣ್ಣುಗಳಿಗೆ ಕರ್ತನು ಸಾಧ್ಯವಾದಷ್ಟು ಕಾಲ ಬೆಳಕನ್ನು ಉಳಿಸಲಿ. ಬಾಗಿಲು ಕಾದ ಮಗಳು ಸುಪ್ರೀತಾಳನ್ನು ಕಾಯಲಿ. ಬರೆಯದೆ ಉಪಕಾರ ಮಾಡಿದ ಮೊಯಿದಿನಬ್ಬನ ಕೈಗೆ ಬಲವನ್ನೂ, ಟೊಪ್ಪಿ ತೆಗೆದು ನಿಂತ ಸಭಾಪಾಲಕರಿಗೆ ಧೈರ್ಯವನ್ನೂ, ಕದ ಹಾಕದ ಬೆಂಜಮಿನ್ ಕರ್ಕಡನಿಗೂ ಅವನ ಮನೆಯವರಿಗೂ ಸಮಾಧಾನವನ್ನೂ ಕೊಡಲಿ. ಆ ಇಳಿಜಾರಿನಲ್ಲಿ ಅಕ್ಕಪಕ್ಕದಲ್ಲಿ ಮಲಗಿರುವ ನನ್ನ ಸೆವ್ರಿನಳಿಗೂ, ಹನ್ನೊಂದು ದಿನದ ತಿಮೊಥೆಯನಿಗೂ ನಿತ್ಯವಾದ ಬೆಳಕನ್ನೂ ವಿಶ್ರಾಂತಿಯನ್ನೂ ದಯಪಾಲಿಸಲಿ. ಆಮೆನ್.